ಹನ್ನೊಂದು ವರ್ಷ, ಒಂದೇ ಮೈಕ್: ಶೂರ್ ಎಸ್‌ಎಂ57

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸ ಸಾಮಾನಲ್ಲ. ಶೂರ್ ಕಂಪನಿಯ ಎಸ್‌ಎಂ57 ಮೈಕ್ ಮಾರುಕಟ್ಟೆಗೆ ಬಂದಿದ್ದು 1965ರಲ್ಲಿ. ನನ್ನ ಕೈಗೆ ಬಂದು ಹನ್ನೊಂದು ವರ್ಷವಾಯಿತು. ಹಿಡಿಯ ಒಂದು ಪಕ್ಕ ಬಣ್ಣ ಹೋಗಿ ಬೆಳ್ಳಗೆ ಲೋಹ ಕಾಣುತ್ತದೆ. ಕುತ್ತಿಗೆಗೆ ಹಳದಿ ಟೇಪ್ ಸುತ್ತಿದ್ದೇನೆ, ಗಿಗ್ (ವೇದಿಕೆಯ ಕಾರ್ಯಕ್ರಮ) ಮುಗಿದ ಮೇಲೆ ಹತ್ತು ಮೈಕ್‌ಗಳ ರಾಶಿಯಲ್ಲಿ ನನ್ನದು ಯಾವುದು ಅಂತ ಗೊತ್ತಾಗಲಿ ಅಂತ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ವೇದಿಕೆ ಇಳಿದ ಕೂಡಲೇ ಯಾರಾದರೂ ಒಬ್ಬ ಹುಡುಗನೋ ಹುಡುಗಿಯೋ ಬಂದು ಕೇಳುವ ಪ್ರಶ್ನೆ ಇದೇ: "ಮನೆಯಲ್ಲಿ ರೆಕಾರ್ಡ್ ಮಾಡೋಕೆ ಯಾವ ಮೈಕ್ ತಗೊಳ್ಳಲಿ?" ಕೇಬಲ್ ಸುತ್ತುತ್ತಾ ಎರಡೇ ಮಾತಲ್ಲಿ ಉತ್ತರ ಹೇಳಿ ಕಳಿಸುತ್ತೇನೆ. ಉಳಿದ ಮಾತು ಇಲ್ಲಿದೆ.

ನಮ್ಮದು ಮೂರು ಜನರ ರಾಕ್ ಬ್ಯಾಂಡ್. ಲೇಬಲ್ ಇಲ್ಲ, ಮ್ಯಾನೇಜರ್ ಇಲ್ಲ. ಹಾಡು ಬರೆಯುವುದು, ರೆಕಾರ್ಡ್ ಮಾಡುವುದು, ಪೋಸ್ಟರ್ ಮಾಡುವುದು, ಗಿಗ್ ಕೇಳಿಕೊಂಡು ಇಮೇಲ್ ಕಳಿಸುವುದು, ಉತ್ತರ ಬರದಿದ್ದರೆ ಮತ್ತೆ ಕಳಿಸುವುದು, ಎಲ್ಲ ನಾವೇ. ಹಗಲು ಮೂವರಿಗೂ ಕೆಲಸ ಇದೆ. ಸಂಗೀತಕ್ಕೆ ಸಿಗುವುದು ಸಂಜೆ ಏಳರಿಂದ ನಿದ್ದೆ ಬರುವ ತನಕ. ಅದರಲ್ಲೂ ಆಂಪ್ (ಗಿಟಾರಿನ ಶಬ್ದ ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ) ಹಾಕಿ ಗಿಟಾರ್ ನುಡಿಸಲು ಇರುವುದು ಒಂಬತ್ತರವರೆಗೆ ಮಾತ್ರ, ಆಮೇಲೆ ಪಕ್ಕದ ಮನೆಯವರು ಗೋಡೆ ತಟ್ಟುತ್ತಾರೆ. ಅವರದೇನೂ ತಪ್ಪಿಲ್ಲ ಬಿಡಿ.

ನಾನು ಮೊದಲು ಕೊಂಡ ಎಸ್‌ಎಂ57 ನಕಲಿ. ಆನ್‌ಲೈನಿನಲ್ಲಿ ಯಾರೋ ಅರ್ಧ ಬೆಲೆಗೆ ಕೊಟ್ಟರು, ಖುಷಿಯಿಂದ ತಗೊಂಡೆ. ಪೆಟ್ಟಿಗೆ, ಚೀಲ, ಹೆಸರು ಎಲ್ಲ ಅಚ್ಚುಕಟ್ಟಾಗಿತ್ತು. ಆರು ತಿಂಗಳು ಅದರಲ್ಲೇ ಡೆಮೊ, ಅಂದರೆ ಹಾಡುಗಳ ಕಚ್ಚಾ ರೆಕಾರ್ಡಿಂಗ್, ಮಾಡಿದೆ. ಎಲ್ಲ ಹಾಡೂ ಡಬ್ಬದೊಳಗೆ ಹಾಡಿದ ಹಾಗೆ ಕೇಳುತ್ತಿತ್ತು. ನನ್ನ ಆಂಪ್ ಸರಿ ಇಲ್ಲ, ನನ್ನ ಕೋಣೆ ಸರಿ ಇಲ್ಲ, ನನ್ನ ಗಂಟಲೇ ಸರಿ ಇಲ್ಲ ಅಂತೆಲ್ಲ ಅಂದುಕೊಂಡೆ. ಕೊನೆಗೆ ಒಬ್ಬ ಸೌಂಡ್ ಎಂಜಿನಿಯರ್ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಇದು ಹಗುರ ಇದೆಯಲ್ಲಾ" ಅಂದರು. ಅಷ್ಟೇ ಮಾತು. ಮನೆಗೆ ಬಂದು ತೂಕ ಮಾಡಿದೆ. ಅಸಲಿ ಎಸ್‌ಎಂ57 ಸುಮಾರು 284 ಗ್ರಾಂ ಇರುತ್ತದೆ. ಅದರ ಹಿಡಿಯೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಇದೆ, ತೂಕಕ್ಕೆ ಅದೂ ಒಂದು ಕಾರಣ. ನನ್ನದು ಅದರ ಹತ್ತಿರಕ್ಕೂ ಬರಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಎರಡು ತೆಳು ವೈರ್ ಬಿಟ್ಟರೆ ಬರೀ ಗಾಳಿ.

ಆದ್ದರಿಂದ ಮೊದಲ ಸಲಹೆ ಇದೇ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ನಂಬಬೇಡಿ. ಈ ಮೈಕ್‌ನ ನಕಲಿ ಬಹಳ ಓಡಾಡುತ್ತವೆ. ಕೊಳ್ಳುವ ಮುಂಚೆ ತೂಗಿ ನೋಡಿ, ನಾಚಿಕೆ ಬೇಡ.

ಅಸಲಿಯ ಪೆಟ್ಟಿಗೆಯಲ್ಲಿ ಮೈಕ್, ಸ್ಟ್ಯಾಂಡಿಗೆ ಸಿಕ್ಕಿಸುವ ಕ್ಲಿಪ್, ಒಂದು ಜಿಪ್ ಚೀಲ ಇದ್ದವು. ಕೇಬಲ್ ಇರಲಿಲ್ಲ, ಅದನ್ನು ಬೇರೆ ತಗೊಂಡೆ. ಆನ್, ಆಫ್ ಸ್ವಿಚ್ಚೂ ಇಲ್ಲ, ಅದೇ ಒಳ್ಳೆಯದು. ಇದ್ದಿದ್ದರೆ ನಮ್ಮ ಡ್ರಮ್ಮರ್ ಅದನ್ನು ಆಫ್ ಮಾಡಿಟ್ಟು ಅರ್ಧ ಗಂಟೆ ಕೇಬಲ್ ಹುಡುಕುತ್ತಿದ್ದ.

ಹೆಸರಲ್ಲಿರುವ ಎಸ್‌ಎಂ ಅಂದರೆ ಸ್ಟುಡಿಯೊ ಮೈಕ್ರೊಫೋನ್. ಟಿವಿ, ರೇಡಿಯೊ ಸ್ಟುಡಿಯೊದವರನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು. ರಾಕ್ ಬ್ಯಾಂಡ್‌ಗಳು ಅದನ್ನು ಆಂಪ್ ಮುಂದೆ ತಂದು ನಿಲ್ಲಿಸಿದ್ದು ಆಮೇಲೆ. ಇದರ ಒಳಗಿನ ಯುನಿಡೈನ್ 3 ಅನ್ನೋ ಶಬ್ದ ಹಿಡಿಯುವ ಭಾಗವನ್ನು ರೂಪಿಸಿದವರು ಅರ್ನಿ ಸೀಲರ್ ಎಂಬ ಎಂಜಿನಿಯರ್. ಅವರಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಪ್ರಾಣ, ರಾಕ್ ಅಂದರೆ ಆಗುತ್ತಿರಲಿಲ್ಲವಂತೆ! ನಾನು ಗಿಟಾರನ್ನು ಹರಿದು ಹಾಕುವ ಹಾಗೆ ಬಾರಿಸುವಾಗಲೆಲ್ಲ ಅವರ ನೆನಪಾಗಿ ಸ್ವಲ್ಪ ಪಾಪ ಅನ್ನಿಸುತ್ತದೆ. ಅಮೆರಿಕದ ಅಧ್ಯಕ್ಷರು ಭಾಷಣ ಮಾಡುವ ಮೇಜಿನ ಮೇಲೆ ಇರುವ ಜೋಡಿ ಮೈಕ್ ಕೂಡ ಇದೇ, ಲಿಂಡನ್ ಜಾನ್ಸನ್ ಕಾಲದಿಂದ.

ಇನ್ನು ಕೆಲಸದ ವಿಷಯ. ಗಿಟಾರ್ ಆಂಪ್ ಮುಂದೆ ಈ ಮೈಕ್ ಇಡುವುದು ನೋಡೋಕೆ ಸುಲಭ. ಆಂಪಿನ ಮುಂದಿನ ಬಟ್ಟೆಗೆ ಮೊಬೈಲ್ ಟಾರ್ಚ್ ಬಿಟ್ಟರೆ ಒಳಗೆ ಸ್ಪೀಕರಿನ ದುಂಡು ಕಾಣುತ್ತದೆ. ನಡುವೆ ಎಲ್ಲಿದೆ ಅಂತ ನೋಡಿಕೊಂಡು ಬಟ್ಟೆಯ ಮೇಲೆ ಒಂದು ಚೂರು ಟೇಪ್ ಅಂಟಿಸುತ್ತೇನೆ. ಮೈಕನ್ನು ಸರಿಯಾಗಿ ಆ ನಡುವಿಗೆ ಹಿಡಿದರೆ ಶಬ್ದ ತಗಡು ಕೆರೆದಂತೆ ಚುರುಕು. ಅಂಚಿಗೆ ಸರಿಸಿದರೆ ಕಂಬಳಿ ಹೊದ್ದ ಹಾಗೆ ಮಂಕು. ನನಗೆ ಬೇಕಾದ ಜಾಗ ಇವೆರಡರ ಮಧ್ಯೆ ಎಲ್ಲೋ, ಎರಡು ಬೆರಳಿನಷ್ಟು ಅಂತರದಲ್ಲಿ ಇರುತ್ತದೆ. ಮತ್ತೆ ಇದು ಒಂದೇ ದಿಕ್ಕಿನ ಕಡೆ ಕಿವಿ ಕೊಡುವ ಮೈಕ್. ಶಬ್ದದ ಹತ್ತಿರ ಹೋದಷ್ಟೂ ಮಂದ್ರ ದಪ್ಪ ಆಗುತ್ತಾ ಹೋಗುತ್ತದೆ. ಹಿಂದಕ್ಕೆ ಒಂದು ಗೇಣು ಎಳೆದರೆ ಸಣ್ಣಗೆ ಆಗುತ್ತದೆ. ಕಂಪ್ಯೂಟರಿನಲ್ಲಿ ಅರ್ಧ ಗಂಟೆ ಗುಂಡಿ ತಿರುಗಿಸಿ ಮಾಡುವ ಕೆಲಸ ಇಲ್ಲಿ ಸ್ಟ್ಯಾಂಡ್ ಸ್ವಲ್ಪ ತಳ್ಳಿದರೆ ಆಗಿಹೋಗುತ್ತದೆ.

ಕಷ್ಟ ಏನೆಂದರೆ, ನುಡಿಸುವವನೂ ನಾನೇ, ಮೈಕ್ ಸರಿಸುವವನೂ ನಾನೇ. ಅದಕ್ಕೆ ರಿಫ್ಫನ್ನು, ಅಂದರೆ ಹಾಡಲ್ಲಿ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕನ್ನು, ಲೂಪರ್ ಪೆಡಲಿಗೆ ತುಂಬಿ, ಅದು ತಿರುಗಿ ತಿರುಗಿ ಆಂಪಿನಲ್ಲಿ ಬರುತ್ತಿರುವಾಗ ಹೆಡ್‌ಫೋನ್ ಹಾಕಿಕೊಂಡು ನೆಲದ ಮೇಲೆ ಕೂರುತ್ತೇನೆ. ಎಡಕ್ಕೆ ಸ್ವಲ್ಪ. ಬಲಕ್ಕೆ ಸ್ವಲ್ಪ. ಕಿವಿಯಲ್ಲೇ ನೋಡಬೇಕು, ಕಣ್ಣಿಗೆ ಏನೂ ತಿಳಿಯುವುದಿಲ್ಲ.

ಒಂದು ಸಂಜೆ ಹೀಗೆ ನಲವತ್ತು ನಿಮಿಷ ಕೂತಿದ್ದೆ. ಎಲ್ಲಿ ಇಟ್ಟರೂ ಹಿತವಿಲ್ಲ. ನಡುವೆ ಇಟ್ಟೆ, ಓರೆ ಮಾಡಿದೆ, ಹಿಂದೆ ಎಳೆದೆ. ಗಂಟೆ ಎಂಟೂ ಮುಕ್ಕಾಲು, ಇನ್ನು ಹದಿನೈದೇ ನಿಮಿಷ. ಆಗ ಬೇಸ್ ನುಡಿಸುವ ಗೆಳೆಯ ಬಂದ, ಬಾಗಿಲಲ್ಲೇ ನಿಂತು ಎರಡು ಸುತ್ತು ಕೇಳಿದ. "ಮಗಾ, ಮೈಕ್ ಬಿಡು. ಆ ರಿಫ್ಫೇ ಚೆನ್ನಾಗಿಲ್ಲ" ಅಂದ. ಕೋಪ ಬಂತು. ಆದರೆ ನಿಜ. ಮೂರನೇ ಮಾತ್ರೆಯ ಹತ್ತಿರ ಒಂದು ಸ್ವರ ಜಾಸ್ತಿ ಇತ್ತು, ಸುಮ್ನೆ ಬೆರಳಿಗೆ ಅಭ್ಯಾಸ ಅಂತ ಬರುತ್ತಿದ್ದ ಸ್ವರ. ತೆಗೆದೆ. ಮೈಕ್ ಮೊದಲು ಇಟ್ಟ ಜಾಗದಲ್ಲೇ ಇಟ್ಟೆ. ಸರಿಹೋಯಿತು.

ನನಗೆ ಈ ಮೈಕ್ ಇಷ್ಟ ಆಗಿರುವುದು ಇದಕ್ಕೇ. ಇದರ ಶಬ್ದ ನನಗೆ ಬಾಯಿಪಾಠ ಆಗಿದೆ. ಸುಮಾರು 5, 6 ಕಿಲೊಹರ್ಟ್ಸ್ (ಹರ್ಟ್ಸ್ ಅಂದರೆ ಶಬ್ದ ಎಷ್ಟು ತಾರ, ಎಷ್ಟು ಮಂದ್ರ ಅನ್ನುವ ಅಳತೆ) ಹತ್ತಿರ ಒಂದು ಉಬ್ಬು ಇದೆ, ಗಿಟಾರೂ ಸ್ನೇರ್ ಡ್ರಮ್ಮೂ ಎಲ್ಲ ವಾದ್ಯ ಸೇರಿದ ಮಿಕ್ಸಿನಲ್ಲಿ ಎದ್ದು ಕೇಳುವುದು ಅದರಿಂದ. 200 ಹರ್ಟ್ಸ್‌ನಿಂದ ಕೆಳಗೆ ನಿಧಾನಕ್ಕೆ ಇಳಿಯುತ್ತದೆ. 15 ಕಿಲೊಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ಸಿಗುವುದಿಲ್ಲ. ಇದು ಗೊತ್ತಿರುವಾಗ, ಟೇಕ್ (ಒಂದು ಸಲದ ರೆಕಾರ್ಡಿಂಗ್) ಕೆಟ್ಟರೆ ಮೈಕಿನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ನನ್ನ ಗೆಳೆಯರೊಬ್ಬರ ಹತ್ತಿರ ಏಳು ಮೈಕ್ ಇವೆ. ಯಾವಾಗ ಹೋದರೂ ಒಂದನ್ನು ಇನ್ನೊಂದರ ಜೊತೆ ಹೋಲಿಸುತ್ತಾ ಕೂತಿರುತ್ತಾರೆ. ಹಾಡು? "ಈ ವರ್ಷ ಖಂಡಿತ" ಅನ್ನುತ್ತಾರೆ. ಹೀಗೆ ಹೇಳಲು ಶುರುಮಾಡಿ ನಾಲ್ಕು ವರ್ಷ ಆಯ್ತು.

ಹಾಡುವುದಕ್ಕೆ? ಇಲ್ಲಿ ಸ್ವಲ್ಪ ಜಗಳ ಇದೆ.

ಇದು ಡೈನಮಿಕ್ ಮೈಕ್. ಜೋರು ಶಬ್ದಕ್ಕೆ ಜಗ್ಗುವುದಿಲ್ಲ, ಆದರೆ ಮೆಲ್ಲಗೆ ಹಾಡಿದರೆ ಇದರಿಂದ ಹೊರಗೆ ಬರುವ ಸಿಗ್ನಲ್ ತೀರಾ ಸಣ್ಣದು. ನನ್ನ ಹಾಡುಗಳ ಅರ್ಧದಷ್ಟು ರಾತ್ರಿ ಹನ್ನೊಂದರ ಮೇಲೆ, ಮನೆಯವರು ಮಲಗಿದ ಮೇಲೆ, ಪಿಸುಮಾತಿನಲ್ಲಿ ಹುಟ್ಟಿದವು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನ ಗೇನ್ ಗುಂಡಿಯನ್ನು (ಸಿಗ್ನಲ್ ಹಿಗ್ಗಿಸುವ ಗುಂಡಿ) ಕೊನೆಯವರೆಗೆ ತಿರುಗಿಸಬೇಕು, ಆಗ ಧ್ವನಿಯ ಜೊತೆ ಸುಂಯ್ ಅನ್ನೋ ಸದ್ದೂ ಬರುತ್ತದೆ. ಮೈಕಿಗೂ ಇಂಟರ್‌ಫೇಸಿಗೂ ನಡುವೆ ಹಾಕುವ, ಸಿಗ್ನಲ್ ಹಿಗ್ಗಿಸುವ ಪುಟ್ಟ ಪ್ರಿಆಂಪ್ ಸಿಗುತ್ತದೆ, ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ (ಇಂಟರ್‌ಫೇಸಿನಿಂದ ಕೇಬಲ್ ಮೂಲಕವೇ ಬರುವ ಕರೆಂಟ್) ಬೇಕು. ಮೈಕಿಗೆ ಅದು ಬೇಕಾಗಿಲ್ಲ. ಸರಿಯಾದ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಕೇಬಲ್ ಇದ್ದರೆ ಫ್ಯಾಂಟಮ್ ಪವರಿನ ಸ್ವಿಚ್ ಅಪ್ಪಿತಪ್ಪಿ ಆನ್ ಆದರೂ ಮೈಕಿಗೆ ಏನೂ ಆಗುವುದಿಲ್ಲ. ಪ್ರಿಆಂಪ್ ಕೊಳ್ಳುವುದು ಬಿಟ್ಟು ನಾನು ಮಾಡಿದ್ದು, ತುಟಿ ಮೈಕಿಗೆ ಇನ್ನೂ ಹತ್ತಿರ ತಂದಿದ್ದು. ಫ್ಯಾನ್ ಮೈಕಿನ ಬೆನ್ನ ಹಿಂದೆ ಬರುವ ಹಾಗೆ ಕುರ್ಚಿ ತಿರುಗಿಸಿಕೊಂಡೆ, ಬೆನ್ನ ಕಡೆಯದ್ದು ಅದಕ್ಕೆ ಕಡಿಮೆ ಕೇಳಿಸುತ್ತದೆ.

ಹತ್ತಿರ ಹೋದರೆ ಇನ್ನೊಂದು ತೊಂದರೆ. ಇದರ ಜಾಲರಿ ಚಿಕ್ಕದು, ಬಾಯಿಯ ಗಾಳಿ ತಡೆಯುವುದಿಲ್ಲ. ಇದರ ಅಣ್ಣತಮ್ಮನಂಥ ಎಸ್‌ಎಂ58ಕ್ಕೆ ಆ ದುಂಡು ತಲೆ ಇರುವುದು ಅದಕ್ಕೇ. ಕನ್ನಡದಲ್ಲಿ ಹಾಡುವವರಿಗೆ ಪ, ಬ, ಭ ಬಂದ ಕಡೆಯೆಲ್ಲ ಬುಸ್ ಅಂತ ಗಾಳಿ ಬಡಿಯುತ್ತದೆ. ನಾನು ಒಂದು ಹಾಡಿಗೆ ಹೀಗೆ ಬರೆದಿದ್ದೆ: "ಬಾಗಿಲ ಬಳಿ ಬಂದು ನಿಂತಿತು ಬೆಳಗು." ಕಾಗದದ ಮೇಲೆ ಎಷ್ಟು ಚೆಂದ, ಅಲ್ವಾ? ಹಾಡಿದರೆ ನಾಲ್ಕು ಸಲ ಪಟಾಕಿ. ಮುಖ ಓರೆ ಮಾಡಿ ಹಾಡಿದೆ, ಮೈಕನ್ನು ಗಲ್ಲದ ಕಡೆಗೆ ಇಳಿಸಿದೆ, ಹಳೆಯ ಕಾಲುಚೀಲವನ್ನೂ ತೊಡಿಸಿದೆ. ಹೋಗಲಿಲ್ಲ. ಹನ್ನೆರಡನೇ ಟೇಕ್ ಹೊತ್ತಿಗೆ ರೋಸಿಹೋಗಿ ಪೆನ್ನು ತಗೊಂಡೆ. "ಕದದ ಹತ್ತಿರ ನಿಂತೇ ಇತ್ತು ಹಗಲು." ಒಂದೇ ಟೇಕಿಗೆ ಆಯಿತು. ಈಗ ಯೋಚಿಸಿದರೆ ಎರಡನೆಯದೇ ಒಳ್ಳೆಯ ಸಾಲು ಅನ್ನಿಸುತ್ತದೆ. ಮೊದಲನೆಯದರಲ್ಲಿ ನಾನು ಬ ಅಕ್ಷರದ ಜೊತೆ ಆಟ ಆಡುತ್ತಿದ್ದೆ ಅಷ್ಟೇ. ಹಾಗಂತ ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಪರದೆ) ತಗೊಳ್ಳಬೇಡಿ ಅಂತಲ್ಲ. ತಗೊಳ್ಳಿ. ನಾನೂ ಆಮೇಲೆ ತಗೊಂಡೆ.

ಬೇಸ್ ಗಿಟಾರಿಗೆ ನಾನು ಇದನ್ನು ಬಳಸುವುದಿಲ್ಲ. ಬೇಸಿನ ದಪ್ಪ ತಂತಿ 41 ಹರ್ಟ್ಸ್, ಇದು ಕೇಳಿಸಿಕೊಳ್ಳಲು ಶುರು ಮಾಡುವುದೇ 40ರಿಂದ, ಅದೂ ಕ್ಷೀಣವಾಗಿ. ನೇರ ಇಂಟರ್‌ಫೇಸಿಗೆ ಹಾಕಿದರೆ ಮುಗಿಯಿತು. ಅಕೂಸ್ಟಿಕ್ ಗಿಟಾರಿಗೆ ನಡೆಯುತ್ತದೆ, ಆದರೆ ತಂತಿಯ ಮಿನುಗು ಬೇಕು ಅನ್ನುವವರು ಕಂಡೆನ್ಸರ್ ಅನ್ನೋ ಇನ್ನೊಂದು ಬಗೆಯ ಮೈಕ್ ನೋಡಿಕೊಳ್ಳಿ.

ಗಟ್ಟಿತನ. ಇದರ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ವೇದಿಕೆಯಿಂದ ಮೂರು ಸಲ ಬಿದ್ದಿದೆ. ಒಮ್ಮೆ ಮಳೆಯಲ್ಲಿ ಚೀಲದ ಸಮೇತ ನೆನೆದಿದೆ, ಎರಡು ದಿನ ಒಣಗಿಸಿ ಹಾಕಿದೆ, ಮಾತಾಡಿತು. ಆದರೆ ಸೋಲುವುದೇ ಇಲ್ಲ ಅಂತ ಅಲ್ಲ. ಸ್ನೇರ್ ಡ್ರಮ್ಮಿನ ಅಂಚಿಗೆ ಎರಡು ಬೆರಳು ಮೇಲೆ ಓರೆಯಾಗಿ ಇಡುವುದು ರೂಢಿ. ನಮ್ಮ ಡ್ರಮ್ಮರ್ ಒಂದು ಗಿಗ್‌ನಲ್ಲಿ ಕೊನೆಯ ಹಾಡಿಗೆ ಆವೇಶ ಬಂದು ಕೋಲು ಬೀಸಿದ. ಮೈಕಿನ ತುದಿಯ ಕಪ್ಪು ಪ್ಲಾಸ್ಟಿಕ್ ಟೋಪಿ ಹಾರಿ ಜನರ ಮಧ್ಯೆ ಬಿತ್ತು. ಮುಂದಿನ ಸಾಲಿನ ಒಬ್ಬರು ಅದನ್ನು ಎತ್ತಿ, ಹಾಡು ಮುಗಿಯುವ ತನಕ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಿದ್ದು, ಆಮೇಲೆ ತಂದುಕೊಟ್ಟರು. ಟೋಪಿ ಒಡೆದಿತ್ತು. ಒಳ್ಳೆಯ ಸಂಗತಿ ಏನೆಂದರೆ ಒಳಗಿನ ಕಾರ್ಟ್ರಿಜ್ (ಶಬ್ದ ಹಿಡಿಯುವ ಭಾಗ) ಬಿಡಿಯಾಗಿಯೂ ಸಿಗುತ್ತದೆ. ಬೆಸುಗೆ ಹಾಕಲು ಬರುವವರು ಮನೆಯಲ್ಲೇ ಬದಲಾಯಿಸಬಹುದು. ನನ್ನ ಬೆಸುಗೆ ನೋಡಿದರೆ ಯಾರೂ ಮೆಚ್ಚುವುದಿಲ್ಲ, ಆದರೂ ಕೆಲಸ ಮಾಡುತ್ತಿದೆ.

ಗಿಗ್‌ಗೆ ಸ್ವಂತ ಮೈಕ್ ಒಯ್ಯುವುದು ಯಾಕೆ ಅಂತ ಕೆಲವರು ಕೇಳುತ್ತಾರೆ. ನಮ್ಮಂಥವರಿಗೆ ಸೌಂಡ್ ಚೆಕ್‌ಗೆ ಹತ್ತು ನಿಮಿಷ ಸಿಕ್ಕರೆ ಪುಣ್ಯ. ಮೊದಲ ಬ್ಯಾಂಡ್ ತಡವಾದರೆ ಅದೂ ಇಲ್ಲ. ಮಿಕ್ಸರ್ ಹತ್ತಿರ ಕೂತವರಿಗೆ ನಾವು ಯಾರು ಅಂತ ಗೊತ್ತಿರುವುದಿಲ್ಲ. ಆಂಪ್ ಮುಂದೆ ಈ ಮೈಕ್ ಕಂಡರೆ ಮಾತ್ರ ಅವರ ಮುಖ ಸಡಿಲ ಆಗುತ್ತದೆ, ಕೈ ತಾನಾಗಿಯೇ ಸರಿಯಾದ ಗುಂಡಿಗೆ ಹೋಗುತ್ತದೆ. ಆಂಪಿನ ಬಟ್ಟೆಯ ಮೇಲೆ ಟೇಪಿನ ಗುರುತು ಮೊದಲೇ ಇರುವುದರಿಂದ ನನಗೂ ಹುಡುಕಾಟ ಇಲ್ಲ. ನೋಡಿದವರು ನಗುತ್ತಾರೆ. ನಗಲಿ.

ಹಾಗಾದರೆ ತಗೊಳ್ಳಬೇಕಾ? ಎಲೆಕ್ಟ್ರಿಕ್ ಗಿಟಾರ್ ಇದ್ದು, ಜೋರಾಗಿ ಹಾಡುವ ಅಭ್ಯಾಸ ಇದ್ದರೆ, ಕೊಳ್ಳಲು ಆಗುವುದು ಒಂದೇ ಮೈಕ್ ಆದರೆ, ಯೋಚಿಸಬೇಡಿ. ಬರೀ ಮೆಲ್ಲಗೆ ಹಾಡಿ ಅಕೂಸ್ಟಿಕ್ ನುಡಿಸುವವರಾದರೆ ಮೊದಲ ಮೈಕ್ ಬೇರೆ ತಗೊಳ್ಳಿ. ಅಂಗಡಿಯವರು ಎರಡನೆಯದಾಗಿ ಏನಾದರೂ ತೋರಿಸಲು ಶುರು ಮಾಡಿದರೆ ಸ್ಟ್ಯಾಂಡ್ ಕೇಳಿ. ನಾನು ಮೊದಲ ವರ್ಷ ಮೈಕನ್ನು ಕುರ್ಚಿಯ ಬೆನ್ನಿಗೆ ಟೇಪ್ ಸುತ್ತಿ ಕಟ್ಟಿದ್ದೆ. ಗಿಟಾರ್ ಜೋರಾದ ಕಡೆಯೆಲ್ಲ ಕುರ್ಚಿ ಗಡಗಡ ಅಂದಿದ್ದು ಆ ಡೆಮೊಗಳಲ್ಲಿ ಇವತ್ತಿಗೂ ಕೇಳುತ್ತದೆ.

ನನ್ನ ಮೈಕ್ ಈಗ ಡ್ರಮ್ಮರ್ ಮನೆಯಲ್ಲಿದೆ. ಎರಡು ದಿನ ಅಂತ ತಗೊಂಡು ಹೋದವನು ವಾರ ಮಾಡಿದ್ದಾನೆ. ನಾನು ಹೊಸ ಹಾಡಿನ ಎರಡನೇ ಚರಣವನ್ನು ಫೋನಿನಲ್ಲಿ ಗುನುಗಿ ಇಟ್ಟುಕೊಂಡಿದ್ದೇನೆ. ಗಂಟೆ ಆರೂವರೆ. ಈಗ ಹೊರಟರೆ ಏಳೂವರೆಗೆ ವಾಪಸ್, ಒಂಬತ್ತರ ತನಕ ಸಮಯ ಇದೆ.