ಎಂಐಎ ಕಡಗ: ಲೋಹ ಆಮೇಲೆ, ಮೊದಲು ಅಕ್ಷರ ನೋಡಿ

ಯುದ್ಧಕ್ಕೆ ಹಾರಿದ ಪೈಲಟ್ ಮರಳಲಿಲ್ಲ, ದೇಹವೂ ಸಿಗಲಿಲ್ಲ, ಸತ್ತದ್ದನ್ನು ಕಂಡವರೂ ಇಲ್ಲ. ಇಂಥವರನ್ನು ಎಂಐಎ, ಅಂದರೆ 'ಯುದ್ಧದಲ್ಲಿ ಕಾಣೆ' ಎನ್ನುತ್ತಾರೆ. ಇವರ ಹೆಸರನ್ನು ಕೈಯಲ್ಲಿ ತೊಟ್ಟು ನೆನೆಯುವ ಪದ್ಧತಿ ಅಮೆರಿಕದಲ್ಲಿ 1970ರಿಂದ ಇದೆ. ಸುಮಾರು ಅರ್ಧ ಅಂಗುಲ ಅಗಲ, ಆರು ಅಂಗುಲ ಉದ್ದದ ಬಾಗಿದ ಲೋಹದ ಪಟ್ಟಿ. ಅದರ ಮೇಲೆ ಹುದ್ದೆ, ಹೆಸರು, ಕಾಣೆಯಾದ ದಿನ. ಈಗ ಇದನ್ನು ಹಲವು ಅಂಗಡಿಗಳು ಆನ್‌ಲೈನ್‌ನಲ್ಲಿ ಮಾರುತ್ತವೆ. ಕೊಳ್ಳಬಹುದೇ ಎಂದು ಕೇಳಿದರೆ, ಖಂಡಿತ ಕೊಳ್ಳಿ, ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೊಳ್ಳಿ. ಆದರೆ ಕೆತ್ತಿಸುವ ಸಾಲನ್ನು ಪರೀಕ್ಷಿಸದೆ ಆರ್ಡರ್ ಹಾಕಬೇಡಿ. ಲೋಹ ಕೆಟ್ಟರೆ ಬದಲಿಸಬಹುದು. ಸಾಲು ತಪ್ಪಿದ್ದರೆ ಆ ತಪ್ಪು ಒಂದು ದಿನ ಆ ಮನೆಯವರ ಕಣ್ಣಿಗೇ ಬೀಳುತ್ತದೆ.

ಇದನ್ನು ಶುರು ಮಾಡಿದ್ದು ಲಾಸ್ ಏಂಜಲೀಸ್‌ನ ವೀವಾ ಎಂಬ ವಿದ್ಯಾರ್ಥಿ ಸಂಘ. ಮುಂದೆ ನಿಂತು ನಡೆಸಿದವರು ಕ್ಯಾರೊಲ್ ಬೇಟ್ಸ್ ಮತ್ತು ಕೇ ಹಂಟರ್ ಎಂಬ ಇಬ್ಬರು ಕಾಲೇಜು ವಿದ್ಯಾರ್ಥಿನಿಯರು. ನಿಕಲ್ ಲೇಪದ ಕಡಗಕ್ಕೆ 2.50 ಡಾಲರ್ ಇಟ್ಟರು. ಆಗ ವಿದ್ಯಾರ್ಥಿಗಳ ಸಿನಿಮಾ ಟಿಕೆಟ್ಟಿಗೂ ಅಷ್ಟೇ ಬೆಲೆ. ತಾಮ್ರದ್ದಕ್ಕೆ 3 ಡಾಲರ್, ತಾಮ್ರ ತೊಟ್ಟರೆ ಮೊಣಕೈ ನೋವು ಕಡಿಮೆಯಾಗುತ್ತದೆಂದು ನಂಬಿದ್ದ ದೊಡ್ಡವರಿಗಾಗಿ. 1976ರಲ್ಲಿ ಸಂಘ ಬಾಗಿಲು ಹಾಕುವ ಹೊತ್ತಿಗೆ ಸುಮಾರು 50 ಲಕ್ಷ ಕಡಗಗಳು ಜನರ ಕೈ ಸೇರಿದ್ದವು. ಷರತ್ತು ಒಂದೇ: ಹೆಸರಿನವರು ಮರಳುವವರೆಗೆ, ಇಲ್ಲವೇ ಅವರ ಅವಶೇಷ ಮನೆ ಸೇರುವವರೆಗೆ ಕಡಗ ಬಿಚ್ಚಬಾರದು.

ಬಿಚ್ಚದೆ ತೊಡುವ ವಸ್ತುವಾದ್ದರಿಂದ ಲೋಹದ ಆಯ್ಕೆಗೂ ಅರ್ಥವಿದೆ. ತಾಮ್ರ ಬೆವರಿಗೆ ಹಸಿರಾಗಿ ಚರ್ಮಕ್ಕೂ ಅಂಗಿಯ ತೋಳಿಗೂ ಹತ್ತುತ್ತದೆ. ಸ್ನಾನ ಮಾಡುವಾಗಲೂ ತೆಗೆಯದವರಿಗೆ ಅದು ಬೇಡ. ಹಳೆಯ ಮಾದರಿಯ ನಿಕಲ್ ಲೇಪ ಅಂಚಿನಿಂದ ಸವೆಯುತ್ತ ಬರುತ್ತದೆ, ನಿಕಲ್ ಅಲರ್ಜಿ ಇರುವವರಿಗೆ ತುರಿಕೆ ಖಚಿತ. ಬಣ್ಣದ ಅಲ್ಯೂಮಿನಿಯಂ ಹಗುರ, ಕೆತ್ತನೆಯೂ ಬೆಳ್ಳಗೆ ಎದ್ದು ಕಾಣುತ್ತದೆ. ಆದರೆ ಆ ಬಣ್ಣ ತೆಳುವಾದ ಮೇಲ್ಪದರ ಮಾತ್ರ, ಮೇಜಿನ ಅಂಚಿಗೆ ಉಜ್ಜಿ ಉಜ್ಜಿ ಹೋಗುತ್ತದೆ. 316ಎಲ್ ದರ್ಜೆಯ ಸ್ಟೀಲ್ ಬೆವರಿನ ಉಪ್ಪನ್ನು ತಡೆಯುತ್ತದೆ. ಕೆತ್ತನೆ ಹೇಗೆ ಮಾಡುತ್ತಾರೆಂದು ಕೇಳಿಯೇ ಕೊಳ್ಳಿ. ಸ್ಟೀಲಿನ ಮೇಲೆ ಲೇಸರ್‌ನಿಂದ ಮೇಲ್ಮೈಯನ್ನು ಬರೀ ಕಪ್ಪಾಗಿಸುವುದು ಒಂದು ಬಗೆ, ಲೋಹವನ್ನು ಆಳಕ್ಕೆ ಕೊರೆಯುವುದು ಇನ್ನೊಂದು. ಮೊದಲನೆಯದು ಪಾಲಿಶ್ ಮಾಡಿದರೆ ಮಾಸುತ್ತದೆ. ಉಗುರು ಆಡಿಸಿದರೆ ಅಕ್ಷರದ ಅಂಚು ತಗುಲಬೇಕು.

ಅಳತೆಗೆ ದಾರ ಸಾಕು. ಮಣಿಕಟ್ಟಿನ ಸುತ್ತಳತೆಯಲ್ಲಿ ಒಂದು ಅಂಗುಲ ಕಳೆದರೆ ಪಟ್ಟಿಯ ಉದ್ದ ಸಿಗುತ್ತದೆ: 7 ಅಂಗುಲದ ಕೈಗೆ 6 ಅಂಗುಲದ ಪಟ್ಟಿ. ತೊಡುವಾಗ ಎರಡೂ ತುದಿ ಹಿಡಿದು ಅಗಲಿಸಲೇಬೇಡಿ. ಮಣಿಕಟ್ಟಿನ ಪಕ್ಕ ತೆಳ್ಳಗಿರುತ್ತದೆ. ಒಂದು ತುದಿಯನ್ನು ಅಲ್ಲಿ ಸಿಕ್ಕಿಸಿ, ಕೈ ಮೇಲೆ ಉರುಳಿಸಿ, ಆಮೇಲೆ ಸರಿಯಾಗಿ ತಿರುಗಿಸಿಕೊಳ್ಳಿ. ಪ್ರತಿ ಸಲ ಅಗಲಿಸಿ ಅಮುಕಿದರೆ ಲೋಹ ಗಡಸಾಗಿ, ಕಡಗದ ತೆರೆದ ಬಾಯಿಗೆ ನೇರ ಎದುರಿರುವ ನಡುಭಾಗದಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಹೆಸರು ಇರುವುದೂ ಅಲ್ಲೇ. ಬಿರುಕು ಅಕ್ಷರದ ಕೊರೆತದಿಂದಲೇ ಶುರುವಾಗುತ್ತದೆ, ಏಕೆಂದರೆ ಲೋಹ ತೀರಾ ತೆಳುವಾಗಿರುವುದು ಆ ಗೆರೆಯಲ್ಲಿ. ಹಳೆಯ ಕಡಗಗಳಲ್ಲಿ ಎಷ್ಟೋ ಮುರಿದದ್ದು ಹೀಗೆಯೇ.

ಇನ್ನು ಸಾಲಿನ ವಿಚಾರ. ಮೊದಲು ದಿನಾಂಕ. ಅಮೆರಿಕದವರು ತಿಂಗಳನ್ನು ಮುಂದಿಟ್ಟು ಬರೆಯುತ್ತಾರೆ. 5-11-72 ಎಂದಿದ್ದರೆ ನಮ್ಮ ಕಣ್ಣಿಗೆ ನವೆಂಬರ್ 5, ಅದು ನಿಜವಾಗಿ ಮೇ 11. ಆ ದಿನ ವಿಯೆಟ್ನಾಂನ ಆನ್ ಲೋಕ್ ಬಳಿ ತನ್ನ ಎ-37 ವಿಮಾನದೊಂದಿಗೆ ಬಿದ್ದವರು ಲೆಫ್ಟಿನೆಂಟ್ ಮೈಕಲ್ ಬ್ಲಾಸಿ. ಸಿಕ್ಕ ಕೆಲವು ಮೂಳೆಗಳು ಗುರುತು ಕಳೆದುಕೊಂಡು, 1984ರಲ್ಲಿ ಆರ್ಲಿಂಗ್ಟನ್‌ನ ಅಜ್ಞಾತ ಸೈನಿಕನ ಸಮಾಧಿ ಸೇರಿದವು. 1998ರಲ್ಲಿ ಹೊರತೆಗೆದು ಡಿಎನ್ಎ ಪರೀಕ್ಷೆ ಮಾಡಿದಾಗ ಅವು ಬ್ಲಾಸಿ ಅವರವೇ ಎಂದು ತಿಳಿಯಿತು. ಇನ್ನೊಂದು ತೊಡಕು: ವಿಯೆಟ್ನಾಂ ಗಡಿಯಾರ ಅಮೆರಿಕದ ಪೂರ್ವ ತೀರಕ್ಕಿಂತ ಸುಮಾರು ಅರ್ಧ ದಿನ ಮುಂದಿದೆ, ಹಾಗಾಗಿ ಅಂದಿನ ಸುದ್ದಿಗೂ ದಾಖಲೆಗೂ ಒಂದು ದಿನದ ವ್ಯತ್ಯಾಸ ಇರಬಹುದು. ದಾಖಲೆಯ ದಿನವನ್ನೇ ಹಿಡಿಯಿರಿ, ತಿಂಗಳನ್ನು ಅಕ್ಷರದಲ್ಲಿ ಬರೆಸಿ.

ಹುದ್ದೆಯಲ್ಲಿ ಎಡವುವವರು ಇನ್ನೂ ಹೆಚ್ಚು. ನೌಕಾಪಡೆಯ ಕ್ಯಾಪ್ಟನ್ ವಾಯುಪಡೆಯ ಕರ್ನಲ್‌ಗೆ ಸಮ, ವಾಯುಪಡೆಯ ಕ್ಯಾಪ್ಟನ್ ಅದಕ್ಕಿಂತ ಮೂರು ಮೆಟ್ಟಿಲು ಕೆಳಗೆ. ಯಾವ ಪಡೆ ಎಂಬುದನ್ನು ಬಿಟ್ಟರೆ ಹುದ್ದೆಗೆ ಅರ್ಥವೇ ಇಲ್ಲ. ಕಾಣೆಯಾದವರಿಗೆ ಬಡ್ತಿಯೂ ಸಿಗುತ್ತ ಹೋಗುತ್ತದೆ. ನೌಕಾಪಡೆಯ ಪೈಲಟ್ ಸ್ಕಾಟ್ ಸ್ಪೈಕರ್ ಅವರ ಎಫ್/ಎ-18 ವಿಮಾನ 1991ರ ಜನವರಿ 17ರಂದು, ಕೊಲ್ಲಿ ಯುದ್ಧದ ಮೊದಲ ರಾತ್ರಿಯೇ, ಇರಾಕಿನಲ್ಲಿ ಬಿತ್ತು. ಆಗ ಅವರು ಲೆಫ್ಟಿನೆಂಟ್ ಕಮಾಂಡರ್. ಅವಶೇಷ ಸಿಗುವ ಹೊತ್ತಿಗೆ ಕ್ಯಾಪ್ಟನ್. ನಡುವೆ ಅವರ ಸ್ಥಿತಿಯೂ ಬದಲಾಗುತ್ತ ಹೋಯಿತು: 1991ರಲ್ಲೇ 'ಮೃತ, ದೇಹ ಸಿಕ್ಕಿಲ್ಲ' ಎಂದರು, 2001ರಲ್ಲಿ ಮತ್ತೆ 'ಕಾಣೆ' ಎಂದರು, 2002ರಲ್ಲಿ 'ಕಾಣೆ ಅಥವಾ ಸೆರೆ' ಎಂದರು. 2009ರಲ್ಲಿ ಅನ್ಬಾರ್ ಮರುಭೂಮಿಯಲ್ಲಿ ಅವಶೇಷ ಸಿಕ್ಕಿತು. ಅದಕ್ಕೇ ನಮ್ಮ ಸಲಹೆ: ಎಂಐಎಯಂಥ ಸ್ಥಿತಿಯ ಅಕ್ಷರಗಳನ್ನು ಕೆತ್ತಿಸಬೇಡಿ. ಬದಲಾಗದ ಸಂಗತಿ ಕಾಣೆಯಾದ ದಿನವೊಂದೇ. ಹುದ್ದೆ ಮತ್ತು ದಿನ ಎರಡನ್ನೂ ಒಂದೇ ದಾಖಲೆಯಿಂದ ತೆಗೆದುಕೊಳ್ಳಿ.

ಆ ದಾಖಲೆ ಡಿಪಿಎಎ ಎಂಬ ಅಮೆರಿಕದ ರಕ್ಷಣಾ ಇಲಾಖೆಯ ಸಂಸ್ಥೆ ಇಟ್ಟಿರುವ ಕಾಣೆಯಾದವರ ಪಟ್ಟಿ, ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. 1973ರಲ್ಲಿ ವಿಯೆಟ್ನಾಂ ಯುದ್ಧದಿಂದ ಲೆಕ್ಕಕ್ಕೆ ಸಿಗದೆ ಉಳಿದವರು 2,646. ಆಮೇಲೆ ಸಾವಿರಕ್ಕೂ ಹೆಚ್ಚು ಮಂದಿಯ ಗುರುತು ಸಿಕ್ಕಿದೆ, ಇನ್ನೂ 1,500ಕ್ಕೂ ಹೆಚ್ಚು ಜನ ಬಾಕಿ. ಅಂಗಡಿಗಳ ಪಟ್ಟಿಗಳು ಇದಕ್ಕೆ ತಕ್ಕಂತೆ ಬದಲಾಗುವುದಿಲ್ಲ, ಇದೇ ಈ ವಸ್ತುವಿನ ದೊಡ್ಡ ಕೊರತೆ. ಗುರುತು ಸಿಕ್ಕಿ ಅಂತ್ಯಸಂಸ್ಕಾರವೂ ಆದವರ ಹೆಸರನ್ನು 'ಇನ್ನೂ ಕಾಣೆ' ಎಂದು ಮಾರುವುದು ಸರಿಯಲ್ಲ, ಕೊಳ್ಳುವವರೇ ನೋಡಿಕೊಳ್ಳಬೇಕು. ವಾಷಿಂಗ್ಟನ್‌ನ ವಿಯೆಟ್ನಾಂ ಸ್ಮಾರಕ ಗೋಡೆಯೂ ನೆರವಿಗೆ ಬರುತ್ತದೆ. ಹೆಸರಿನ ಪಕ್ಕ ವಜ್ರಾಕೃತಿ ಇದ್ದರೆ ಸಾವು ಖಚಿತ, ಶಿಲುಬೆಯಂಥ ಗುರುತಿದ್ದರೆ ಕಾಣೆ. ಅವಶೇಷ ಸಿಕ್ಕಾಗ ಶಿಲುಬೆಯ ಮೇಲೆಯೇ ವಜ್ರ ಕೊರೆಯುತ್ತಾರೆ.

ಕನ್ನಡಿಗರು ತಮ್ಮವರ ಹೆಸರು ಹಾಕಿಸಬಯಸಿದರೆ ಮೊದಲು ನೆನಪಾಗುವವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ತಿರುಗಿ ಬರಲಿಲ್ಲ. ತನಗಿಂತ ಎಷ್ಟೋ ವೇಗದ ಎಫ್-104 ಒಂದನ್ನು ಅವರು ಹೊಡೆದುರುಳಿಸಿದ್ದು ವರ್ಷಗಳ ನಂತರ ಬೆಳಕಿಗೆ ಬಂತು, ಮಹಾವೀರ ಚಕ್ರ ಬಂದದ್ದು 1988ರಲ್ಲಿ. 'ನಿಮ್ಮದೇ ಸಾಲು' ಕೆತ್ತಿಕೊಡುವ ಅಂಗಡಿಗೆ 7-9-65 ಎಂದು ಕಳಿಸಿದರೆ ಅಲ್ಲಿ ಅದನ್ನು ಜುಲೈ 9 ಎಂದೇ ಓದುತ್ತಾರೆ. ಕನ್ನಡದಲ್ಲಿ ಕೆತ್ತಿಸುವುದಾದರೆ ಅಕ್ಷರಗಳನ್ನು ಟೈಪ್ ಮಾಡಿ ಕಳಿಸಬೇಡಿ. ಕನ್ನಡ ಬಾರದ ತಂತ್ರಾಂಶದಲ್ಲಿ ಅಜ್ಜಮಾಡದ ಜ್ಜ, ದೇವಯ್ಯದ ಯ್ಯ ಒಡೆದು ಒತ್ತಕ್ಷರ ಪಕ್ಕಕ್ಕೆ ಬಂದು ಕೂರುತ್ತದೆ. ಅಕ್ಷರಗಳನ್ನು ಬಾಹ್ಯರೇಖೆಗೆ ಬದಲಿಸಿದ ಎಸ್‌ವಿಜಿ ಅಥವಾ ಪಿಡಿಎಫ್ ಕಡತ ಕೊಡಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕಾದ್ದರಿಂದ ಅರ್ಧ ಅಂಗುಲದ ಪಟ್ಟಿಯಲ್ಲಿ ಒಂದೇ ಸಾಲು ಇಟ್ಟುಕೊಳ್ಳಿ, ಕೆತ್ತುವ ಮುನ್ನ ಮಾದರಿ ಚಿತ್ರ ತರಿಸಿ ಒಂದೊಂದೇ ಅಕ್ಷರ ನೋಡಿ.

ಕಡಗದ ಹೆಸರಿನ ಅಮೆರಿಕನ್ ಸೈನಿಕನ ಗುರುತು ಸಿಕ್ಕಿತೆಂದು ತಿಳಿದರೆ, ಕಡಗ ಕೊಡಲು ಮನೆಯವರ ವಿಳಾಸ ಹುಡುಕಿಕೊಂಡು ನೇರವಾಗಿ ಹೋಗಬೇಡಿ. ಸತ್ತವರ, ಕಾಣೆಯಾದವರ ವಿಚಾರ ನೋಡಿಕೊಳ್ಳುವ ಆಯಾ ಪಡೆಯ ಕ್ಯಾಶುವಲ್ಟಿ ಕಚೇರಿಗೆ ಬರೆದರೆ ಅವರು ಕುಟುಂಬವನ್ನು ಕೇಳಿ ತಿಳಿಸುತ್ತಾರೆ. ಬೇಡವೆಂದರೆ ಸ್ಮಾರಕ ಗೋಡೆಯ ಬುಡದಲ್ಲಿ ಇಡಬಹುದು, ಅಲ್ಲಿಟ್ಟ ಕಡಗಗಳನ್ನು ರಾಷ್ಟ್ರೀಯ ಉದ್ಯಾನ ಸೇವೆಯವರು ಎತ್ತಿ ಜೋಪಾನ ಮಾಡುತ್ತಾರೆ. ಅಂಚೆಯಲ್ಲಿ ಕಳಿಸುವುದಾದರೆ ಬರೀ ಲಕೋಟೆ ಬೇಡ, ಪಟ್ಟಿಯ ತುದಿ ಕಾಗದವನ್ನು ಹರಿದು ಹೊರಬರುತ್ತದೆ. ಗಟ್ಟಿ ಡಬ್ಬಿಯಲ್ಲಿಟ್ಟು, ಎಂದಿನಿಂದ ತೊಟ್ಟಿದ್ದಿರಿ ಎಂಬ ಎರಡು ಸಾಲಿನ ಪತ್ರವನ್ನೂ ಇಡಿ. ಒಂದೇ ಹೆಸರಿನ ಕಡಗವನ್ನು ಸಾವಿರಾರು ಜನ ತೊಟ್ಟಿರುತ್ತಾರೆ, ಉತ್ತರ ಬರಲೇಬೇಕೆಂದು ಕಾಯಬೇಡಿ.