ಓದಿನ ಲೆಕ್ಕ ಇಡಲು, ಗೆಳೆಯರೊಂದಿಗೆ ಹಂಚಲು: ಬಳಸಿ ನೋಡಿದ ಕೆಲವು ದಾರಿಗಳ ಹೋಲಿಕೆ

ಓದಿದ ಪುಸ್ತಕಗಳ ಲೆಕ್ಕ ಇಡುವುದೂ ಆ ಓದನ್ನು ಗೆಳೆಯರೊಂದಿಗೆ ಹಂಚಿಕೊಳ್ಳುವುದೂ ಮೇಲ್ನೋಟಕ್ಕೆ ಒಂದೇ ಕೆಲಸದಂತೆ ಕಂಡರೂ ಅವೆರಡರ ಬೇಡಿಕೆಗಳು ಬೇರೆ. ಲೆಕ್ಕಕ್ಕೆ ಅಚ್ಚುಕಟ್ಟು ಬೇಕು: ಯಾವ ಪುಸ್ತಕ, ಯಾರು ಬರೆದದ್ದು, ಯಾವಾಗ ಓದಿ ಮುಗಿಸಿದ್ದು, ಆಗ ಏನನ್ನಿಸಿತ್ತು ಎಂಬುದೆಲ್ಲ ವರ್ಷಗಳ ನಂತರ ಹುಡುಕಿದರೂ ಕೈಗೆ ಸಿಗಬೇಕು. ಹಂಚಿಕೆಗೆ ಸಲೀಸು ಬೇಕು: ಗುಂಪಿನಲ್ಲಿ ಬರೆಯಲು ಅತ್ಯಂತ ಸೋಮಾರಿಯಾದವರೂ ಅರ್ಧ ನಿಮಿಷದಲ್ಲಿ ಒಂದು ಸಾಲು ದಾಖಲಿಸಿ ಕೈತೊಳೆದುಕೊಳ್ಳುವಂತಿರಬೇಕು. ಈ ಎರಡೂ ಒಂದೇ ಕಡೆ ಒದಗುತ್ತವೆಯೇ ಎಂದು ತಿಳಿಯಲು ನಮ್ಮ ಸಣ್ಣ ಬಳಗದಲ್ಲಿ ಬೇರೆ ಬೇರೆ ಕಾಲಕ್ಕೆ ಬಳಸಿ ನೋಡಿದ ವ್ಯವಸ್ಥೆಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ನಮ್ಮಲ್ಲಿ ಎಲ್ಲರೂ ಪರಸ್ಪರ ಪರಿಚಿತರು, ಅಪರಿಚಿತರ ಮೆಚ್ಚುಗೆಯ ಅಗತ್ಯ ಯಾರಿಗೂ ಇಲ್ಲ. ಹೊಸ ಓದುಗರ ಪರಿಚಯವನ್ನೇ ಬಯಸುವವರು ಇದೇ ಸಂಗತಿಗಳಿಂದ ಬೇರೆ ತೀರ್ಮಾನಕ್ಕೆ ಬರಬಹುದು.

ಕಾಗದದ ನೋಟ್‌ಬುಕ್ಕಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ತನಗಾಗಿ ಮಾತ್ರ ಬರೆದುಕೊಳ್ಳುವವರಿಗೆ ಅದಕ್ಕಿಂತ ಸರಳವಾದದ್ದು ಇಲ್ಲ, ಆದರೆ ಅದರಲ್ಲಿ ಹುಡುಕುವುದು ಕಷ್ಟ, ಹಂಚುವುದೆಂದರೆ ಪುಟದ ಫೋಟೊ ತೆಗೆದು ಕಳಿಸುವುದಷ್ಟೆ.

ವಾಟ್ಸ್‌ಆ್ಯಪ್ ಗುಂಪು ಇದಕ್ಕೆ ನೇರ ವಿರುದ್ಧ. ಹಂಚಿಕೆಯ ಮಟ್ಟಿಗೆ ಅದನ್ನು ಮೀರಿಸುವ ಸಾಧನ ನನಗೆ ಸಿಕ್ಕಿಲ್ಲ, ಏಕೆಂದರೆ ಅಲ್ಲಿ ಹೊಸ ಖಾತೆ ತೆರೆಯಬೇಕಿಲ್ಲ, ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ, ಮತ್ತು ಒಬ್ಬರು ಮುಖಪುಟದ ಚಿತ್ರ ಹಾಕಿದ ಕೂಡಲೇ ಇನ್ನೊಬ್ಬರಿಂದ ‘ಇದು ನನ್ನಲ್ಲಿದೆ, ಓದಿಲ್ಲ’ ಎಂಬ ಉತ್ತರ ಬರುತ್ತದೆ. ದಾಖಲೆಯಾಗಿ ಮಾತ್ರ ಅದು ನಿಷ್ಪ್ರಯೋಜಕ. ಹುಡುಕುವ ಸೌಲಭ್ಯ ಇದೆ ನಿಜ, ಆದರೆ ಚಿತ್ರದ ಜೊತೆಗೆ ‘ಇದನ್ನು ಬಿಡಬೇಡಿ’ ಎಂದಷ್ಟೇ ಬರೆದ ಸಂದೇಶವನ್ನು ಪುಸ್ತಕದ ಹೆಸರಿನಿಂದ ಹುಡುಕಿ ತೆಗೆಯಲಾಗದು. ಸಂದೇಶಗಳು ತಾವಾಗಿಯೇ ಅಳಿದುಹೋಗುವ ಆಯ್ಕೆಯನ್ನು ಯಾರಾದರೂ ಚಾಲೂ ಮಾಡಿಟ್ಟರೆ, ಇಟ್ಟ ಅವಧಿಗೆ ತಕ್ಕಂತೆ 24 ಗಂಟೆ, 7 ದಿನ ಅಥವಾ 90 ದಿನಗಳಲ್ಲಿ ಅಂದಿನಿಂದ ಹಾಕಿದ್ದೆಲ್ಲ ಮಾಯವಾಗುತ್ತದೆ. ಆದ್ದರಿಂದ ಗುಂಪನ್ನು ಮಾತಿಗೆ ಇಟ್ಟುಕೊಂಡು ಲೆಕ್ಕಕ್ಕೆ ಬೇರೆ ಜಾಗ ಹುಡುಕುವುದು ಅನಿವಾರ್ಯವಾಯಿತು.

ಆ ಬೇರೆ ಜಾಗವೆಂದರೆ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಗುಡ್‌ರೀಡ್ಸ್. 2007ರಲ್ಲಿ ಆರಂಭವಾಗಿ 2013ರಲ್ಲಿ ಅಮೆಜಾನ್‌ನ ಒಡೆತನಕ್ಕೆ ಬಂದ ಈ ತಾಣದ ದೊಡ್ಡ ಬಲವೆಂದರೆ ಅಲ್ಲಿ ಆಗಲೇ ಜನರಿದ್ದಾರೆ ಎಂಬುದು; ಓದುವ ಗೆಳೆಯರನ್ನು ಕೇಳಿದರೆ ಅವರಲ್ಲಿ ಕೆಲವರಿಗಾದರೂ ಮರೆತುಹೋದ ಒಂದು ಖಾತೆ ಅಲ್ಲಿ ಇದ್ದೇ ಇರುತ್ತದೆ. ಓದಿದ್ದು, ಓದುತ್ತಿರುವುದು, ಓದಬೇಕೆಂದಿರುವುದು ಎಂಬ ಕಪಾಟುಗಳ ವಿಂಗಡಣೆ ಯಾರಿಗಾದರೂ ಕೂಡಲೇ ಅರ್ಥವಾಗುತ್ತದೆ, ಮತ್ತು ಗೆಳೆಯರು ಯಾವ ಪುಸ್ತಕದ ಎಷ್ಟನೇ ಪುಟದಲ್ಲಿದ್ದಾರೆ ಎಂಬುದು ಮುಖ್ಯ ಪುಟದಲ್ಲೇ ಕಾಣುತ್ತದೆ. ನನಗೆ ತೊಡಕಾಗಿ ಕಂಡದ್ದು ನಕ್ಷತ್ರಗಳು. ಅಲ್ಲಿ ಅರ್ಧ ನಕ್ಷತ್ರ ಕೊಡಲು ಬರುವುದಿಲ್ಲ, ಮತ್ತು ತಾಣದ ಸ್ವಂತ ವಿವರಣೆಯಂತೆ ಎರಡು ನಕ್ಷತ್ರವೆಂದರೆ ‘ಪರವಾಗಿಲ್ಲ’, ಮೂರೆಂದರೆ ‘ಇಷ್ಟವಾಯಿತು’. ಮೂರನ್ನು ಸಾಧಾರಣ ಪುಸ್ತಕಕ್ಕೆ ಕೊಡುವ ಅಂಕವೆಂದು ತಿಳಿದವರೂ, ವಿವರಣೆ ಓದಿಕೊಂಡು ಪ್ರೀತಿಯಿಂದಲೇ ಮೂರು ಕೊಡುವವರೂ ಒಂದೇ ಬಳಗದಲ್ಲಿದ್ದರೆ ನಕ್ಷತ್ರಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಗುಡ್‌ರೀಡ್ಸ್‌ನಲ್ಲಿ ನಾನು ಮೆಚ್ಚುವುದು ನಮ್ಮ ದಾಖಲೆಯನ್ನೆಲ್ಲ ಒಂದು ಸಿಎಸ್‌ವಿ ಫೈಲಿನಲ್ಲಿ (ಯಾವ ಸ್ಪ್ರೆಡ್‌ಶೀಟಿನಲ್ಲೂ ತೆರೆಯಬಹುದಾದ ಸರಳ ಕೋಷ್ಟಕ) ಇಳಿಸಿಕೊಳ್ಳಲು ಇರುವ ಅವಕಾಶ. 2020ರ ಡಿಸೆಂಬರಿನಿಂದ ಆ ತಾಣವು ಹೊರಗಿನ ತಂತ್ರಾಂಶಗಳಿಗೆ ತನ್ನ ಮಾಹಿತಿಯನ್ನು ನೇರವಾಗಿ ಪಡೆಯಲು ಬೇಕಾದ ಹೊಸ ಎಪಿಐ ಕೀಲಿ ಕೊಡುವುದನ್ನು ನಿಲ್ಲಿಸಿರುವುದರಿಂದ, ಬೇರೆ ಕಡೆಗೆ ಹೋಗುವವರಿಗೆ ಈ ಫೈಲೇ ಮುಖ್ಯ ದಾರಿ. ಅದನ್ನು ತೆರೆದು ಸಾಲುಸಾಲಾಗಿ ನೋಡಿದರೆ ಎರಡು ಸಂಗತಿಗಳು ಗಮನಕ್ಕೆ ಬರುತ್ತವೆ. ನಕ್ಷತ್ರ ಕೊಡದೆ ಬಿಟ್ಟ ಪುಸ್ತಕಗಳ ಮುಂದೆ ಖಾಲಿ ಜಾಗದ ಬದಲು 0 ಎಂದಿರುತ್ತದೆ. ಆ ಕಾಲಂನ ಸರಾಸರಿ ತೆಗೆದರೆ ಓದುಗ ಎಲ್ಲವನ್ನೂ ಹಳಿಯುವ ಕಟು ವಿಮರ್ಶಕನಂತೆ ಕಾಣುತ್ತಾನೆ. ಓದಿದ ದಿನಾಂಕಕ್ಕೆ ಒಂದೇ ಕಾಲಂ ಇರುವುದರಿಂದ, ಮತ್ತೆ ಮತ್ತೆ ಓದಿದ ಪುಸ್ತಕದ ಹಿಂದಿನ ದಿನಾಂಕಗಳು ಫೈಲಿಗೆ ಇಳಿಯುವುದಿಲ್ಲ. ಮರು ಓದನ್ನು ಮುಖ್ಯವೆಂದು ಎಣಿಸುವವರು ಆ ದಿನಾಂಕಗಳನ್ನು ಬೇರೆಡೆ ಬರೆದಿಟ್ಟುಕೊಳ್ಳುವುದು ಲೇಸು.

ಆ ಫೈಲನ್ನು ಹಾಗೆಯೇ ಒಪ್ಪಿಕೊಳ್ಳುವ ಸೇವೆಗಳಲ್ಲಿ ಸ್ಟೋರಿಗ್ರಾಫ್ ಒಂದು. ನಾಡಿಯಾ ಒಡುನಾಯೊ ಅವರು ಕಟ್ಟಿದ ಈ ಸೇವೆ ನಕ್ಷತ್ರವನ್ನು ಕಾಲು ಭಾಗದವರೆಗೆ ಒಡೆಯಲು ಬಿಡುತ್ತದೆ, ಅರ್ಧಕ್ಕೆ ಕೈಬಿಟ್ಟ ಪುಸ್ತಕಗಳಿಗೆ ಪ್ರತ್ಯೇಕ ಸ್ಥಾನ ಕೊಡುತ್ತದೆ, ಮತ್ತು ಪುಸ್ತಕದ ಭಾವ ಹಾಗೂ ಓಟ ಹೇಗಿತ್ತು ಎಂದು ಕೇಳಿ ಉತ್ತರಗಳನ್ನು ವರ್ಷಾಂತ್ಯಕ್ಕೆ ಅಂಕಿಅಂಶಗಳ ನಕ್ಷೆಗಳಾಗಿ (ಚಾರ್ಟ್) ತೋರಿಸುತ್ತದೆ. ಕೈಬಿಟ್ಟ ಪುಸ್ತಕಕ್ಕೂ ಗೌರವದ ಜಾಗ ಸಿಗುವುದು ನನಗೆ ಸಣ್ಣ ವಿಷಯವೆಂದು ತೋರುವುದಿಲ್ಲ. ಗೆಳೆಯರೊಬ್ಬರು ಎಲ್ಲಿ, ಏಕೆ ನಿಲ್ಲಿಸಿದರು ಎಂಬುದು ಎಷ್ಟೋ ವೇಳೆ ಐದು ನಕ್ಷತ್ರಕ್ಕಿಂತ ಹೆಚ್ಚು ಉಪಯುಕ್ತವಾದ ಸುದ್ದಿ.

ಅದರ ನಿಜವಾದ ಸೊಗಸು ಜೊತೆ ಓದಿನ ಸೌಲಭ್ಯದಲ್ಲಿದೆ. ಇಬ್ಬರು ಮೂವರು ಒಂದೇ ಪುಸ್ತಕವನ್ನು ಒಟ್ಟಿಗೆ ಹಿಡಿದಾಗ ಪ್ರತಿಯೊಂದು ಟಿಪ್ಪಣಿಯನ್ನೂ ಪುಸ್ತಕದ ಒಂದು ನಿರ್ದಿಷ್ಟ ಹಂತಕ್ಕೆ ಅಂಟಿಸಬಹುದು, ಮತ್ತು ಹಿಂದೆ ಇರುವವರಿಗೆ ತಾವು ಆ ಹಂತ ತಲುಪುವವರೆಗೆ ಅದು ತೆರೆದುಕೊಳ್ಳುವುದಿಲ್ಲ. ನೂರೈವತ್ತನೇ ಪುಟದಲ್ಲಿ ಯಾರೋ ಏನೋ ಬರೆದಿದ್ದಾರೆ ಎಂದಷ್ಟೇ ಗೊತ್ತಾಗಿ, ಅದೇನೆಂದು ತಿಳಿಯಲು ಆ ರಾತ್ರಿ ಇನ್ನೊಂದು ಅಧ್ಯಾಯ ಓದಿ ಮುಗಿಸುವಂತಾಗುತ್ತದೆ. ಕತೆಯ ಗುಟ್ಟು ಒಡೆಯದೆ ಮಾತಾಡಲು ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾವು ಮಾಡಿಕೊಂಡ ಯಾವ ಕಟ್ಟುಪಾಡೂ ಇಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಕೊರತೆಯೆಂದರೆ, ಪ್ರತಿಯೊಬ್ಬರೂ ಖಾತೆ ತೆರೆಯಬೇಕು ಮತ್ತು ಪುಟಸಂಖ್ಯೆಯನ್ನು ಆಗಾಗ ತಿದ್ದುತ್ತಿರಬೇಕು. ಹುಮ್ಮಸ್ಸಿನವರು ಇದನ್ನು ಮಾಡುತ್ತಾರೆ, ಉಳಿದವರು ಮಾಡುವುದಿಲ್ಲ. ನಕ್ಷೆಗಳನ್ನು ತೋರಿಸಿದರೂ ಅವರ ಮನಸ್ಸು ಬದಲಾಗುವುದಿಲ್ಲ.

ಲೈಬ್ರರಿಥಿಂಗ್ ಇವೆರಡಕ್ಕಿಂತ ಹಳೆಯದು, 2005ರದ್ದು. ಹಿಂದೆ ಉಚಿತ ಖಾತೆಗೆ 200 ಪುಸ್ತಕಗಳ ಮಿತಿ ಇತ್ತು, 2020ರಲ್ಲಿ ಅದನ್ನು ತೆಗೆದುಹಾಕಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದಂತೆ ಅನೇಕ ಗ್ರಂಥಾಲಯಗಳ ಸೂಚಿಗಳಿಂದ ವಿವರಗಳನ್ನು ತರಿಸಿಕೊಳ್ಳುವುದರಿಂದ ಆವೃತ್ತಿ, ಅನುವಾದಕರು, ಪ್ರಕಾಶನ ವರ್ಷ ಮುಂತಾದವುಗಳಲ್ಲಿ ಕರಾರುವಾಕ್ಕಾಗಿರಲು ಬಯಸುವವರಿಗೆ ಇದೇ ಸರಿಯಾದ ಜಾಗ. ಮನೆಯಲ್ಲಿರುವ ಪುಸ್ತಕ ಸಂಗ್ರಹದ ಪಟ್ಟಿ ಮಾಡಲು ನಾನು ಇಂದಿಗೂ ಇದನ್ನೇ ಸೂಚಿಸುತ್ತೇನೆ, ಆದರೆ ಗೆಳೆಯರೊಂದಿಗಿನ ಲಘುವಾದ ಹಂಚಿಕೆಗೆ ಇದು ಅಗತ್ಯಕ್ಕಿಂತ ಗಂಭೀರ.

ಬುಕ್‌ವರ್ಮ್ ತಾತ್ವಿಕವಾಗಿ ನನಗೆ ಎಲ್ಲಕ್ಕಿಂತ ಹಿಡಿಸಿದ ವ್ಯವಸ್ಥೆ. ಒಂದೇ ಸಂಸ್ಥೆಯ ಹಿಡಿತದಲ್ಲಿರದೆ ಬೇರೆ ಬೇರೆ ಸರ್ವರ್‌ಗಳು ಆ್ಯಕ್ಟಿವಿಟಿಪಬ್ ಎಂಬ ನಿಯಮಾವಳಿಯ ಮೂಲಕ ಪರಸ್ಪರ ಮಾತಾಡುತ್ತವೆ, ಇದೇ ನಿಯಮಾವಳಿ ಬಳಸುವ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲದಲ್ಲಿರುವವರೂ ನಮ್ಮ ಟಿಪ್ಪಣಿಗಳನ್ನು ಹಿಂಬಾಲಿಸಬಹುದು, ಮತ್ತು ಪ್ರತಿ ಬರಹವನ್ನೂ ಯಾರು ನೋಡಬಹುದೆಂದು ಆಯಾ ಬರಹಕ್ಕೇ ನಿಗದಿ ಮಾಡಬಹುದು. ಆದರೆ ‘ಮೊದಲು ಒಂದು ಸರ್ವರ್ ಆರಿಸಿಕೊಳ್ಳಿ’ ಎಂಬ ಮಾತಿಗೇ ನಮ್ಮ ಬಳಗದ ಹೆಚ್ಚಿನವರು ಮೊಬೈಲನ್ನು ಕೆಳಗಿಟ್ಟರು.

ಈ ಎಲ್ಲ ತಾಣಗಳಿಗೂ ಸಮಾನವಾದ ಒಂದು ತೊಂದರೆ ಇದೆ. ಪುಸ್ತಕವು ಅವರ ಪಟ್ಟಿಯಲ್ಲಿ ಇಲ್ಲದಿದ್ದರೆ ಓದುಗರೇ ಅದನ್ನು ಸೇರಿಸಬೇಕು. ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಇಲ್ಲದ ಹಳೆಯ ಪುಸ್ತಕಗಳು, ಸಣ್ಣ ಪ್ರಕಾಶಕರ ಪುಸ್ತಕಗಳು, ರೋಮನ್ ಅಲ್ಲದ ಲಿಪಿಗಳಲ್ಲಿ ಮುದ್ರಿತವಾದವು ಹೆಚ್ಚಾಗಿ ಈ ಗುಂಪಿಗೆ ಸೇರುತ್ತವೆ, ಮತ್ತು ಒಬ್ಬರು ಮೂಲ ಲಿಪಿಯಲ್ಲಿಯೂ ಇನ್ನೊಬ್ಬರು ರೋಮನ್ ಅಕ್ಷರಗಳಲ್ಲಿಯೂ ಹೆಸರು ಬರೆದರೆ ಒಂದೇ ಪುಸ್ತಕ ಎರಡಾಗಿ ಕೂರುತ್ತದೆ. ಆಗ ಇಬ್ಬರು ಗೆಳೆಯರು ಒಂದೇ ಕೃತಿಯನ್ನು ಓದಿದ್ದರೂ ಅದು ಪರಸ್ಪರರಿಗೆ ಕಾಣದೆ ಹೋಗುತ್ತದೆ.

ಕೊನೆಗೆ ನಾವು ನೆಲೆ ನಿಂತದ್ದು ಹಂಚಿಕೊಂಡ ಒಂದು ಗೂಗಲ್ ಶೀಟ್‌ನಲ್ಲಿ. ನೋಡಲು ಅದರಲ್ಲಿ ಏನೂ ಇಲ್ಲ: ಮುಖಪುಟದ ಚಿತ್ರಗಳಿಲ್ಲ, ಶಿಫಾರಸುಗಳಿಲ್ಲ, ಜಾಹೀರಾತೂ ಇಲ್ಲ. ಆದರೆ ಅದನ್ನು ಹೇಗೆ ಕಟ್ಟುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಂದು ಪುಸ್ತಕಕ್ಕೆ ಒಂದು ಸಾಲು ಎಂದು ಇಟ್ಟರೆ ಪ್ರತಿ ಓದುಗರಿಗೂ ಒಂದೊಂದು ಕಾಲಂ ಬೇಕಾಗಿ ಹಾಳೆ ಅಡ್ಡಡ್ಡ ಬೆಳೆಯುತ್ತದೆ. ಒಂದು ಓದಿಗೆ ಒಂದು ಸಾಲು ಎಂದು ಇಟ್ಟರೆ, ಅಂದರೆ ಇಬ್ಬರು ಓದಿದ ಪುಸ್ತಕಕ್ಕೆ ಎರಡು ಸಾಲು ಕೊಟ್ಟರೆ, ಮರು ಓದು ಕೂಡ ತೊಡಕಿಲ್ಲದೆ ಸೇರಿಕೊಳ್ಳುತ್ತದೆ. ಹಾಳೆಯನ್ನು ನೇರವಾಗಿ ತೆರೆಯುವುದು ಮೊಬೈಲಿನಲ್ಲಿ ತ್ರಾಸದಾಯಕವಾದ್ದರಿಂದ ಅದಕ್ಕೆ ಒಂದು ಗೂಗಲ್ ಫಾರ್ಮ್ ಜೋಡಿಸಿ, ಅದರ ಲಿಂಕನ್ನು ವಾಟ್ಸ್‌ಆ್ಯಪ್ ಗುಂಪಿನ ವಿವರಣೆಯಲ್ಲಿ ಅಂಟಿಸಿದ್ದೇವೆ. ಫಾರ್ಮ್ ತುಂಬಿದ ದಿನಾಂಕ ಮತ್ತು ಸಮಯ ತಾವಾಗಿಯೇ ದಾಖಲಾಗುತ್ತವೆ, ಹೆಸರು ಪಟ್ಟಿಯಿಂದ ಆಯ್ದರೆ ಸಾಕು.

ಕಾಲಂಗಳಲ್ಲಿ ನಕ್ಷತ್ರವನ್ನು ಬೇಕೆಂದೇ ಬಿಟ್ಟಿದ್ದೇವೆ. ಅದರ ಜಾಗದಲ್ಲಿ ‘ನಮ್ಮಲ್ಲಿ ಯಾರಿಗೆ ಹಿಡಿಸೀತು’ ಎಂಬ ಪ್ರಶ್ನೆ ಇದೆ, ಮತ್ತು ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಹೆಚ್ಚು ಬಳಕೆಗೆ ಬಂದದ್ದು ಅದೇ. ತನಗೆ ಬೇಸರ ತರಿಸಿದ ಪುಸ್ತಕದ ಮುಂದೆಯೂ ಇನ್ನೊಬ್ಬರ ಹೆಸರನ್ನು ಬರೆಯಬಹುದು. ಹಾಗೆ ತನ್ನ ಹೆಸರು ಕಂಡವರು ಆ ಪುಸ್ತಕವನ್ನು ಕೈಗೆತ್ತಿಕೊಳ್ಳದೆ ಇರುವುದು ಕಡಿಮೆ. ಯಾವ ಪುಸ್ತಕತಾಣವೂ ಈ ಪ್ರಶ್ನೆ ಕೇಳಲಾರದು, ಏಕೆಂದರೆ ‘ನಮ್ಮಲ್ಲಿ’ ಯಾರು ಯಾರೆಂಬುದು ಅದಕ್ಕೆ ಗೊತ್ತಿಲ್ಲ.

ಶೀಟಿಗೂ ಅದರದೇ ಕಿರಿಕಿರಿಗಳಿವೆ. ಒಬ್ಬರು ಲೇಖಕರ ಹೆಸರಿನ ಅಕಾರಾದಿಯಲ್ಲಿ ಜೋಡಿಸಿದರೆ ಎಲ್ಲರಿಗೂ ಸಾಲುಗಳ ಕ್ರಮ ಬದಲಾಗುತ್ತದೆ, ಹಾಗಾಗಿ ತಮ್ಮಷ್ಟಕ್ಕೆ ಜೋಡಿಸಿ ನೋಡಲು ಫಿಲ್ಟರ್ ವ್ಯೂ ಬಳಸುವುದನ್ನು ರೂಢಿ ಮಾಡಿಕೊಳ್ಳಬೇಕು. ಐಎಸ್‌ಬಿಎನ್ ಬರೆಯುವುದಾದರೆ ಆ ಕಾಲಂ ಅನ್ನು ಮೊದಲೇ ಪಠ್ಯವೆಂದು ಗುರುತಿಸಬೇಕು; ಸಂಖ್ಯೆಯೆಂದು ಬಿಟ್ಟರೆ ಹಳೆಯ ಹತ್ತು ಅಂಕಿಯವುಗಳಲ್ಲಿ ಮೊದಲಿನ ಸೊನ್ನೆ ಉದುರಿಹೋಗುತ್ತದೆ. ದಿನಾಂಕದಲ್ಲಿ 4/7 ಎಂದಿದ್ದರೆ ಅದು ಜುಲೈಯೋ ಏಪ್ರಿಲ್ಲೋ ಎಂಬ ಗೊಂದಲ ಬರುವುದರಿಂದ ನಾವು ತಿಂಗಳು ಮತ್ತು ವರ್ಷವನ್ನು ಮಾತ್ರ ಕೇಳುತ್ತೇವೆ. ಯಾರಾದರೂ ಅಚಾತುರ್ಯದಿಂದ ಏನನ್ನಾದರೂ ಅಳಿಸಿದರೆ ಆವೃತ್ತಿ ಇತಿಹಾಸದಿಂದ ಹಿಂದಕ್ಕೆ ತರಬಹುದು, ಆದರೂ ಆಗಾಗ ಒಂದು ಸಿಎಸ್‌ವಿ ಪ್ರತಿಯನ್ನು ಇಳಿಸಿಟ್ಟುಕೊಳ್ಳುವುದನ್ನು ನಾನು ಬಿಟ್ಟಿಲ್ಲ.

ಸ್ಟೋರಿಗ್ರಾಫ್ ಅನ್ನು ಪೂರ್ತಿ ತೊರೆದಿಲ್ಲ. ಒಟ್ಟಿಗೆ ಓದಲು ಮನಸ್ಸಿರುವ ಇಬ್ಬರು ಮೂವರು ಅದನ್ನು ಆ ಒಂದು ಪುಸ್ತಕದ ಮಟ್ಟಿಗೆ ಬಳಸುತ್ತೇವೆ, ಮುಗಿದ ಮೇಲೆ ಶೀಟಿನಲ್ಲಿ ಎಲ್ಲರಂತೆ ಒಂದೊಂದು ಸಾಲು ಬರೆಯುತ್ತೇವೆ. ನಕ್ಷೆಗಳ ಮೋಹವಿರುವವರು ತಮ್ಮ ಸ್ವಂತ ಖಾತೆಯನ್ನು ಎಲ್ಲಿ ಬೇಕಾದರೂ ನಡೆಸಲಿ, ಅದಕ್ಕೆ ಗುಂಪಿನ ಒಪ್ಪಿಗೆ ಬೇಕಿಲ್ಲ.

ಇದೇ ದಾರಿಯನ್ನು ಹಿಡಿಯುವವರಿಗೆ ಎರಡು ಸೂಚನೆಗಳಿವೆ. ಫಾರ್ಮ್‌ನಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಇಡಬೇಡಿ: ಯಾರು, ಯಾವ ಪುಸ್ತಕ, ಯಾವ ತಿಂಗಳು, ಯಾರಿಗೆ ಹಿಡಿಸೀತು. ಪುಟಸಂಖ್ಯೆ, ಪ್ರಕಾರ, ಪ್ರಕಾಶಕರು ಎಂದು ಸೇರಿಸುತ್ತಾ ಹೋದರೆ ಉದಾಸೀನರು ಮೊದಲು ಉದುರುತ್ತಾರೆ, ಆಮೇಲೆ ಉಳಿದವರು. ಮತ್ತು ಫಾರ್ಮ್‌ನ ಸೆಟ್ಟಿಂಗ್‌ನಲ್ಲಿ ಇಮೇಲ್ ಸಂಗ್ರಹಿಸುವುದನ್ನೂ, ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿಯನ್ನೂ ತೆಗೆದಿಡಿ. ಹಾಗೆ ಮಾಡಿದರೆ ಗೂಗಲ್ ಖಾತೆಯೇ ಬೇಡವೆನ್ನುವ ಗೆಳೆಯರೂ ಲಾಗಿನ್ ಆಗದೆ ತಮ್ಮ ಸಾಲನ್ನು ಸೇರಿಸಬಹುದು.