ಸ್ಟಿಕ್ಕರ್ ಚೆನ್ನಾಗಿದೆ, ಬಿಲ್ಲಿನ ಹಿಂಬದಿ ಚೆನ್ನಾಗಿಲ್ಲ

ಮಡಿಕೇರಿಯಲ್ಲಿ ಸ್ಟಿಕ್ಕರ್, ಲೇಬಲ್, ಟೀ ಶರ್ಟ್ ಮಾಡಿಕೊಡುವ ಒಂದು ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಕೆಲಸ ಗೊತ್ತಿರುವ ಜನ, ಕೂತು ಮಾತಾಡಿದರೆ ಸರಿಹೋಗುವ ವಿಷಯಕ್ಕೆ ಅವರ ಮಾನ ಹರಾಜು ಹಾಕುವುದು ನನಗೆ ಬೇಡ. ಪ್ರಿಂಟಿಂಗ್‌ಗೆ ನಾಲ್ಕೂವರೆ ಸ್ಟಾರ್. ಡಿಸೈನ್ ಯಾರದ್ದು ಅನ್ನುವ ವಿಷಯಕ್ಕೆ ಎರಡು, ಅದೂ ಕೊನೆಗೆ ದಾರಿಗೆ ಬಂದರು ಅಂತ.

ವಿನೈಲ್ ಸ್ಟಿಕ್ಕರ್ ಗಟ್ಟಿ. ಜೀಪಿನ ಹಿಂದೆ ಅಂಟಿಸಿದ್ದು ನಮ್ಮ ಮಳೆಗೂ ಅಂಚು ಬಿಟ್ಟಿಲ್ಲ, ಬಣ್ಣ ಮಾಸಿಲ್ಲ. ಕಾಫಿ ಪುಡಿ ಪ್ಯಾಕೆಟ್‌ನ ಲೇಬಲ್ ಸರಿಯಾದ ಅಳತೆಗೆ ಕತ್ತರಿಸಿ ಕೊಟ್ಟರು. ಟೀ ಶರ್ಟ್ ಸುಮಾರು, ಬಟ್ಟೆ ತೆಳು.

ಈಗ ಜಗಳದ ವಿಷಯ. ನಾವು ಮಾರುವ ಕಾಫಿ ಪುಡಿಯ ಲೇಬಲ್‌ಗೆ ನಾನು ಬರೆಸಿದ್ದು ಜೆನ್ನಿ ಎವ್ರಿವೇರ್ ಚಿತ್ರ. 2002ರಲ್ಲಿ ಕಾಮಿಕ್ಸ್ ಹುಚ್ಚಿನವರು ಇಂಟರ್ನೆಟ್‌ನಲ್ಲಿ ಸೇರಿ ಹುಟ್ಟುಹಾಕಿದ ಪಾತ್ರ ಇದು. ಗಿಡ್ಡ ಕಪ್ಪು ಕೂದಲು, ತಲೆ ಮೇಲೆ ಪೈಲಟ್ ಗಾಗಲ್ಸ್, ಕುತ್ತಿಗೆಗೆ ಸ್ಕಾರ್ಫ್, ನಗುಮುಖ, ಎಲ್ಲಾ ಲೋಕಗಳಲ್ಲೂ ಇರುವವಳು. ಯಾರು ಬೇಕಾದರೂ ಬಳಸಬಹುದು. ದುಡ್ಡು ಕೊಡಬೇಕಿಲ್ಲ, ಅನುಮತಿ ಕೇಳಬೇಕಿಲ್ಲ. ಒಂದೇ ಷರತ್ತು: ಈ ಪಾತ್ರ ಎಲ್ಲರಿಗೂ ಮುಕ್ತ ಅಂತ ಹೇಳುವ ಒಂದು ಸಣ್ಣ ಪ್ಯಾರಾ ಇದೆ, ಅವಳನ್ನು ಎಲ್ಲಿ ಪ್ರಕಟಿಸಿದರೂ ಅದನ್ನು ಜೊತೆಗೆ ಹಾಕಬೇಕು.

ಎಲ್ಲಾ ಲೋಕದಲ್ಲಿದ್ದರೆ ಕೊಡಗಿನಲ್ಲೂ ಇರಬೇಕಲ್ವಾ? ಹಿಂದೆ ನೆರಿಗೆ ಬರುವ ಕೊಡವ ಸೀರೆ ಉಟ್ಟು, ಗಾಗಲ್ಸ್ ಹಾಗೇ ಇಟ್ಟುಕೊಂಡು, ಕಣದಲ್ಲಿ ಕಾಫಿ ಹಣ್ಣು ಹರಡುತ್ತಿರುವ ಜೆನ್ನಿ ಬೇಕು ಅಂದೆ. ಅಲ್ಲಿ ಸಂಬಳಕ್ಕಿರುವ ಹುಡುಗಿ ಬರೆದಳು. ನಿಜವಾಗಿಯೂ ಚೆಂದ ಬರೆದಳು.

ಲೇಬಲ್ ತರಲು ಹೋದರೆ ಕೌಂಟರ್ ಪಕ್ಕದ ಸ್ಟ್ಯಾಂಡ್‌ನಲ್ಲಿ ಅದೇ ಜೆನ್ನಿ, ಅದೇ ಸೀರೆ, ಟೂರಿಸ್ಟ್‌ಗಳಿಗೆ ಫ್ರಿಜ್ ಮ್ಯಾಗ್ನೆಟ್ ಆಗಿ ನೇತಾಡುತ್ತಿದ್ದಾಳೆ! ಕೇಳಿದ್ದಕ್ಕೆ ಮಾಲೀಕರು, "ಅಕ್ಕಾ, ಇವಳು ಎಲ್ಲರಿಗೂ ಸೇರಿದವಳು ಅಂತ ನೀವೇ ಹೇಳಿದ್ರಲ್ಲ" ಅಂದರು. ಸರಿ, ಹಾಗಾದರೆ ಚಿತ್ರದ ಫೈಲ್ ಕೊಡಿ ಅಂದೆ. ಬಿಲ್ ತಿರುಗಿಸಿ ತೋರಿಸಿದರು. ಹಿಂಬದಿಯಲ್ಲಿ ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಎಲ್ಲಾ ಡಿಸೈನ್ ಅಂಗಡಿಯ ಸ್ವತ್ತು ಅಂತ ಅಚ್ಚಾಗಿದೆ. ಮ್ಯಾಗ್ನೆಟ್ ಮಾರುವಾಗ ಎಲ್ಲರದ್ದು, ಫೈಲ್ ಕೇಳಿದರೆ ಅಂಗಡಿಯದ್ದು. ಮ್ಯಾಗ್ನೆಟ್ ಮೇಲೆ ಆ ಪ್ಯಾರಾ ಕೂಡ ಇರಲಿಲ್ಲ.

ಪಾತ್ರ ಬೇರೆ, ಚಿತ್ರ ಬೇರೆ. ಅಂಗಡಿಯವರು ರಾಜಾಸೀಟಿನಲ್ಲಿ ಕೂತ ಇನ್ನೊಬ್ಬ ಜೆನ್ನಿಯನ್ನು ಹೊಸದಾಗಿ ಬರೆಸಿ, ಪ್ಯಾರಾ ಹಾಕಿ ಮಾರಲಿ, ನನ್ನ ತಕರಾರಿಲ್ಲ. ಆದರೆ ಆ ಪ್ಯಾರಾ ಬಿಟ್ಟುಕೊಡುವುದು ಪಾತ್ರವನ್ನು ಮಾತ್ರ. ಅವಳನ್ನು ಇಟ್ಟುಕೊಂಡು ಬರೆದ ಪ್ರತಿಯೊಂದು ಚಿತ್ರವೂ ಬಿಟ್ಟಿ ಅಂತ ಅದು ಹೇಳುವುದಿಲ್ಲ. ಚಿತ್ರಗಳನ್ನೇ ಬಿಟ್ಟುಕೊಟ್ಟವರೂ ಇದ್ದಾರೆ. ಫ್ರಾನ್ಸ್‌ನ ಡೇವಿಡ್ ರೆವೊಯ್ 2014ರಿಂದ ಮಾಡುತ್ತಿರುವ ಪೆಪ್ಪರ್ ಅಂಡ್ ಕ್ಯಾರೆಟ್ ಕಾಮಿಕ್ಸ್ ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ ಲೈಸೆನ್ಸ್‌ನಲ್ಲಿದೆ. ಅವರ ಹೆಸರು, ಲೈಸೆನ್ಸ್ ಯಾವುದು, ನಾವು ಏನು ಬದಲಿಸಿದೆವು ಅಂತ ಹಾಕಿದರೆ ಅದನ್ನು ಪ್ರಿಂಟ್ ಮಾಡಿ ಮಾರಲೂಬಹುದು. ಜೆನ್ನಿಯ ಲೆಕ್ಕ ಹಾಗಲ್ಲ.

ಹಾಗಾದರೆ ನಮ್ಮ ಲೇಬಲ್ ಚಿತ್ರ ಯಾರದ್ದು? 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ನೋಡಿದರೆ, ಸಂಬಳದವರು ಕೆಲಸದ ಭಾಗವಾಗಿ ಬರೆದದ್ದು ಮಾಲೀಕರದ್ದು. ಅದೇ ಸೆಕ್ಷನ್ನಿನಲ್ಲಿ ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್, ಭಾವಚಿತ್ರ, ತೆಗೆಸಿದ ಫೋಟೋ ಇಂಥವು ಬರೆಸಿದವರದ್ದು. ಎರಡಕ್ಕೂ ಬೇರೆ ಒಪ್ಪಂದ ಇಲ್ಲದಿದ್ದರೆ ಮಾತ್ರ. ಕಂಪ್ಯೂಟರ್‌ನಲ್ಲಿ ಬರೆದ ಲೇಬಲ್ ಪೇಂಟಿಂಗಾ, ಬಿಲ್ಲಿನ ಹಿಂಬದಿ ಒಪ್ಪಂದವಾ ಅಂತ ವಕೀಲರು ವರ್ಷಗಟ್ಟಲೆ ವಾದ ಮಾಡಬಹುದು. ಕಾಫಿ ಪುಡಿ ಮಾರುವವರಿಗೆ ಅಷ್ಟು ಪುರುಸೊತ್ತಿಲ್ಲ.

ಮಾಲೀಕರಿಗೆ ಇದನ್ನೆಲ್ಲ ಹೇಳಿದೆ. ಮೊದಲು ಮುಖ ಗಂಟು ಹಾಕಿಕೊಂಡರು, ಆಮೇಲೆ ಕಾಫಿ ತರಿಸಿದರು. ಕೊನೆಗೆ ಒಂದು ಹಾಳೆ ಬರೆದು ಇಬ್ಬರೂ ಸಹಿ ಹಾಕಿದೆವು. ಚಿತ್ರದ ಹಕ್ಕು ನನಗೆ, ಮ್ಯಾಗ್ನೆಟ್ ಮಾರಲು ಅವರಿಗೆ ನನ್ನ ಅನುಮತಿ, ಲೇಬಲ್, ಮ್ಯಾಗ್ನೆಟ್ ಎರಡರಲ್ಲೂ ಜೆನ್ನಿಯ ಪ್ಯಾರಾ ಮತ್ತು ಬರೆದವಳ ಹೆಸರು. ಹಕ್ಕು ಯಾರಿಗೆ ಹೋದರೂ ಚಿತ್ರ ತನ್ನದು ಅಂತ ಹೇಳಿಕೊಳ್ಳುವ ಹಕ್ಕು ಬರೆದವರ ಹತ್ತಿರವೇ ಉಳಿಯುತ್ತದೆ, 57ನೇ ಸೆಕ್ಷನ್. ಆ ಹುಡುಗಿಗೆ ಇದು ಗೊತ್ತೇ ಇರಲಿಲ್ಲ! ಇನ್ನೊಂದು ವಿಷಯ, ಹಕ್ಕು ಬರೆದುಕೊಡುವಾಗ ಅವಧಿ ಹಾಕದಿದ್ದರೆ 5 ವರ್ಷ ಅಂತ, ಜಾಗ ಹಾಕದಿದ್ದರೆ ಭಾರತ ಮಾತ್ರ ಅಂತ 19ನೇ ಸೆಕ್ಷನ್ ಲೆಕ್ಕ ಹಿಡಿಯುತ್ತದೆ. ನಮ್ಮ ಪುಡಿ ಒಂದಿಷ್ಟು ದುಬೈಗೂ ಹೋಗುತ್ತದೆ, ಹಾಗಾಗಿ ಅವಧಿ, ಜಾಗ ಎರಡನ್ನೂ ಬಿಡಿಸಿ ಬರೆಸಿದೆ.

ಪ್ಯಾರಾ ಹಾಕಿದರೆ ಸ್ಟಿಕ್ಕರ್ ಅಂದ ಕೆಡುತ್ತದೆ ಅಂತ ಅವರ ಗೊಣಗಾಟ. ಕಿತ್ತು ಬಿಸಾಡುವ ಹಿಂಬದಿ ಕಾಗದದ ಮೇಲೆ ಹಾಕಿದರು. ಲೇಬಲ್‌ನಲ್ಲಿ ಪ್ಯಾಕೆಟ್‌ನ ಬೆನ್ನಿಗೆ, ಬೆಲೆಯ ಕೆಳಗೆ ಬಂದಿದೆ, ಓದಲು ಆಗುತ್ತದೆ.

ಹೋಗುವವರು ಶನಿವಾರ, ಭಾನುವಾರ ಬಿಟ್ಟು ಹೋಗಿ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ನಿಮ್ಮ ಡಿಸೈನ್ ನೀವೇ ತಂದರೆ ಏನೂ ತಕರಾರಿಲ್ಲ, ಕಣ್ಣು ಮುಚ್ಚಿ ಕೊಡಿ. ಅವರ ಹತ್ತಿರ ಬರೆಸುವುದಾದರೆ ಅಡ್ವಾನ್ಸ್ ಕೊಡುವ ಮೊದಲೇ ಹಾಳೆಗೆ ಸಹಿ ಹಾಕಿಸಿ. ಕೇಳಿದರೆ ಈಗ ಹಾಕಿಕೊಡುತ್ತಾರೆ, ಬಿಲ್ಲಿನ ಹಿಂಬದಿಯ ಆ ಸಾಲನ್ನು ಮಾತ್ರ ಇನ್ನೂ ತೆಗೆದಿಲ್ಲ.